ಐವತ್ತಾರಕ್ಕೆ ನೀರಿಗಿಳಿಯಲು ಹೊರಟೆ

ಭಾನುವಾರ ಬೆಳಿಗ್ಗೆ ನಾಲ್ಕೂವರೆಗೇ ನನಗೆ ಎಚ್ಚರವಾಯಿತು. ಯಶವಂತಪುರ ಮಾರ್ಕೆಟ್ಟಿನ ಹಿಂದಿರುವ ನಮ್ಮ ಮನೆಯಿಂದ ರಾಜಾನುಕುಂಟೆ ಇಪ್ಪತ್ತೈದು ಕಿಲೋಮೀಟರ್ ಇದ್ದರೆ ಹೆಚ್ಚು. ಆದರೂ ದೂರದೇಶಕ್ಕೆ ಹೊರಟವಳ ಹಾಗೆ ಹಿಂದಿನ ದಿನವೇ ಬ್ಯಾಗು ತುಂಬಿಸಿಟ್ಟಿದ್ದೆ: ಒಂದು ಬಿಳಿ ಚೂಡಿದಾರ್, ಎರಡು ಟವೆಲ್, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಕವರು. ಜೀವಮಾನದಲ್ಲಿ ನಾನು ಚೂಡಿದಾರ್ ಹಾಕಿದವಳಲ್ಲ. ನೀರಿನಲ್ಲಿ ಸೀರೆ ತೇಲುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಎರಡು ದಿನ ಕೂತು ನಾನೇ ಹೊಲಿದುಕೊಂಡಿದ್ದೆ.

"ಎಂಟೂವರೆಗೆ ಸಭೆ ವ್ಯಾನ್ ಬರುತ್ತಲ್ಲ, ಎಲ್ಲರ ಜೊತೆ ಹೋದ್ರಾಯ್ತು. ಈಗಲೇ ಏನ್ ಅವಸರ ನಿಂಗೆ?" ಎಂದರು ನಮ್ಮ ಯಜಮಾನರು, ಹೊದಿಕೆಯ ಒಳಗಿಂದಲೇ.

"ನೀವು ವ್ಯಾನಲ್ಲಿ ಬನ್ನಿ. ನನಗೆ ಕೊಡಿಗೇಹಳ್ಳೀಲಿ ಕೆಲಸ ಇದೆ."

"ರತ್ನ ಬರ್ತಾಳೆ ಅಂತೀಯಾ?"

"ಗೊತ್ತಿಲ್ಲ ಕಣ್ರೀ" ಎಂದು ಚಪ್ಪಲಿ ಮೆಟ್ಟಿಕೊಂಡೆ.

ವಿಷಯ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಾನು, ಸುಗುಣ, ವಯಸ್ಸು ಐವತ್ತಾರು, ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಮಾಡಿದವಳು. ಒಂದು ನೂಲು ಜಾರಿದ್ದರೂ ಪೀಸನ್ನು ಪಕ್ಕಕ್ಕೆ ಎಸೆಯುವುದೇ ನನ್ನ ಉದ್ಯೋಗ. ಅದನ್ನು ಬಿಟ್ಟ ಮೇಲೆ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಶಿಷ್ಯತ್ವದ ಪಾಠ ಹೇಳಿಕೊಡಲು ಶುರುಮಾಡಿ ಒಂಬತ್ತು ವರ್ಷವಾಯಿತು. ಹನ್ನೆರಡು ಪಾಠ, ನಾಲ್ಕು ಹಂತ. ಹಾಲು ಕುಡಿಯುವ ಕೂಸು, ನಡೆಯಲು ಕಲಿಯುವ ಮಗು, ದುಡಿಯುವ ಯೌವನ, ಕೊನೆಗೆ ಬೇರೆಯವರನ್ನು ಸಾಕುವ ತಾಯಿ. ಯೇಸುಸ್ವಾಮಿಯ ಹಿಂದೆ ಹೊರಟವರು ಹೀಗೆ ಬೆಳೆಯಬೇಕು ಎಂದು ಫ್ಲೆಕ್ಸ್ ಮೇಲೆ ಮೆಟ್ಟಿಲಿನ ಚಿತ್ರ ಹಾಕಿಸಿ ಗೋಡೆಗೆ ಹೊಡೆಸಿದ್ದೆ. ಪಾಠ ಒಪ್ಪಿಸದವರನ್ನು ಮುಲಾಜಿಲ್ಲದೆ ಕೆಳಗಿನ ಮೆಟ್ಟಿಲಿಗೆ ಇಳಿಸುತ್ತಿದ್ದೆ. ನಾನು ಮಾತ್ರ ಯಾವಾಗಲೂ ನಾಲ್ಕನೆಯ ಮೆಟ್ಟಿಲಿನ ಪಕ್ಕದಲ್ಲೇ ನಿಂತು ಮಾತಾಡುತ್ತಿದ್ದೆ.

ಹೊಸದಾಗಿ ಬಂದ ಪಾಸ್ಟರ್ ಸಭೆಯ ರಿಜಿಸ್ಟರ್ ಸರಿಮಾಡಲು ಎಲ್ಲರ ದೀಕ್ಷಾಸ್ನಾನದ ತಾರೀಕು ಕೇಳಿದರು. ನನ್ನ ಹತ್ತಿರ ತಾರೀಕಿರಲಿಲ್ಲ. ಯಾಕೆಂದರೆ ನನಗೆ ದೀಕ್ಷಾಸ್ನಾನವೇ ಆಗಿರಲಿಲ್ಲ! ನಮ್ಮಲ್ಲಿ ಹುಟ್ಟಿದ ಕೂಸಿಗೆ ಮಾಡುವುದಿಲ್ಲ. ಬುದ್ಧಿ ಬಂದ ಮೇಲೆ ಸ್ವಂತ ಒಪ್ಪಿಗೆಯಿಂದ ನೀರಿನಲ್ಲಿ ಮುಳುಗಿ ಏಳಬೇಕು. ನನ್ನ ಸರದಿ ಬಂದ ವರ್ಷ ನನಗೆ ಮೈತುಂಬ ಚಿಕನ್‌ಪಾಕ್ಸ್. ಮುಂದಿನ ವರ್ಷ ನೋಡೋಣ ಎಂದರು. ಅಷ್ಟರಲ್ಲಿ ಮದುವೆಯಾಗಿ ಯಶವಂತಪುರಕ್ಕೆ ಬಂದೆ. ಆಗಿದೆ ಎಂದು ಇಲ್ಲಿಯವರು ಅಂದುಕೊಂಡರು. ನಾನು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ವರ್ಷ ಕಳೆದಷ್ಟೂ ಹೇಳಲು ನಾಚಿಕೆ ಹೆಚ್ಚಾಯಿತು, ಅಷ್ಟೇ.

ಪಾಸ್ಟರ್ ಬೈಯಲಿಲ್ಲ. "ಈ ಸಲದ ಬ್ಯಾಚಲ್ಲೇ ಇಳಿದುಬಿಡಿ ಸಿಸ್ಟರ್. ನಿಮ್ಮ ಕೈ ಹಿಡಿಯೋರು ಯಾರು ಹೇಳಿ" ಎಂದರು. ನೀರಿಗಿಳಿಯುವವರ ಕೈ ಹಿಡಿದು ಜೊತೆಯಲ್ಲಿ ಇಳಿಯಲು, ಈಗಾಗಲೇ ದೀಕ್ಷಾಸ್ನಾನವಾದ ಒಬ್ಬರು ಬೇಕು. ಅವರು ಮೊದಲು ದಡದ ಮೇಲೆ ನಿಂತು, ಇವರ ವಿಷಯ ನನಗೆ ಗೊತ್ತಿರುವುದು ಇಷ್ಟು ಎಂದು ಎಲ್ಲರ ಮುಂದೆ ಸಾಕ್ಷಿ ಹೇಳಬೇಕು. ಇದು ನಮ್ಮ ಸಭೆಯ ಪದ್ಧತಿ. ನನ್ನ ಬಾಯಿಗೆ ಬಂದ ಹೆಸರು ರತ್ನ.

ಮೂರು ವರ್ಷದ ಹಿಂದೆ ಇದೇ ರಾಜಾನುಕುಂಟೆಯಲ್ಲಿ, "ನನ್ನ ಕೈ ನೀವೇ ಹಿಡೀಬೇಕು ಅಕ್ಕ" ಎಂದು ಬಂದಿದ್ದ ನನ್ನ ವಿದ್ಯಾರ್ಥಿನಿ ಅವಳು. "ಏಳನೇ ಪಾಠ ಒಪ್ಪಿಸಿಲ್ಲ, ನೀನಿನ್ನೂ ಹಾಲು ಕುಡಿಯೋ ಕೂಸು. ನಾನು ಹಿಡಿಯಲ್ಲ" ಎಂದಿದ್ದೆ, ಅಷ್ಟೂ ಜನರ ಎದುರಿಗೆ. ಆಗಿನ ಪಾಸ್ಟರ್ ಹೆಂಡತಿ ಅವಳ ಕೈ ಹಿಡಿದರು. ಆಮೇಲೆ ರತ್ನ ನಮ್ಮ ಸಭೆಯ ಕಡೆ ತಲೆ ಹಾಕಲಿಲ್ಲ. ಅವಳಿಗೆ ಫೋನ್ ಮಾಡಲು ನನಗೆ ಧೈರ್ಯವಿರಲಿಲ್ಲ, ಅದಕ್ಕೇ ಖುದ್ದು ಹೊರಟೆ. ಅವಳು ಬಾರದಿದ್ದರೆ ನಾನು ನೀರಿಗಿಳಿಯುವುದಿಲ್ಲ ಎಂದು ತೀರ್ಮಾನಿಸಿದ್ದೆ. ಬೇರೆ ಯಾರ ಕೈ ಹಿಡಿದರೂ ಅದು ಇನ್ನೊಂದು ನಾಟಕವಾಗುತ್ತಿತ್ತು.

ಗೊರಗುಂಟೆಪಾಳ್ಯಕ್ಕೆ ನಡೆದೇ ಹೋದೆ. ಅಷ್ಟು ಹೊತ್ತಿಗೇ ಲಾರಿಗಳ ಸಾಲು, ಹೊಗೆ, ಹಾರನ್ನು. ಯಾವತ್ತೂ ಮೂಗು ಮುಚ್ಚಿಕೊಂಡು ದಾಟುವ ಜಾಗ. ಅವತ್ತು ಎಲ್ಲರನ್ನೂ ಮಾತಾಡಿಸಬೇಕು ಅನ್ನಿಸುತ್ತಿತ್ತು. ಆರೂವರೆಗೆ ಹೆಬ್ಬಾಳದ ಬಸ್ಸು ಸಿಕ್ಕಿತು. ಆಧಾರ್ ಕಾರ್ಡ್ ತೋರಿಸಿ ಹೆಂಗಸರ ಉಚಿತ ಟಿಕೆಟ್ ಪಡೆದು ಕಿಟಕಿ ಪಕ್ಕ ಕೂತೆ.

"ಏನಮ್ಮಾ, ಬೆಳಿಗ್ಗೆ ಬೆಳಿಗ್ಗೇನೇ ಇಷ್ಟು ಖುಷಿ. ಮದುವೆಗಾ?" ಎಂದು ಕಂಡಕ್ಟರ್ ಕೇಳಿದ.

"ಮದುವೆಗಲ್ಲಪ್ಪಾ, ಸ್ನಾನಕ್ಕೆ. ರಾಜಾನುಕುಂಟೆಗೆ!"

"ಅಯ್ಯೋ, ನಿಮ್ಮ ಏರಿಯಾದಲ್ಲಿ ನೀರು ಬರೋದು ಅಷ್ಟೊಂದು ಮೋಸ ಆಯ್ತಾ?" ಎಂದು ಅವನು ಮರುಗಿದ. ನಾನು ನಕ್ಕು ನಕ್ಕು ಸುಸ್ತಾದೆ. ಯಾಕೆ ನಗುತ್ತಿದ್ದೇನೆಂದು ಅವನಿಗೆ ವಿವರಿಸುವಷ್ಟರಲ್ಲಿ ಹೆಬ್ಬಾಳ ಬಂದಿತ್ತು.

ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸು ಬದಲಿಸಿ ಕೊಡಿಗೇಹಳ್ಳಿ ಗೇಟಿನಲ್ಲಿ ಇಳಿದೆ. ಅಲ್ಲಿಂದ ಆಟೋದವನು ಐವತ್ತು ರೂಪಾಯಿ ಕೇಳಿದ, ಚೌಕಾಸಿ ಮಾಡದೆ ಕೊಟ್ಟೆ. ಹಳೆಯ ಹೆಂಚಿನ ಮನೆಗಳ ನಡುವೆ ಎದ್ದ ನಾಲ್ಕು ಮಹಡಿಯ ಪಿ.ಜಿ.ಯೊಂದರಲ್ಲಿ ರತ್ನ ಅಡುಗೆ ಮಾಡುತ್ತಾಳೆ. ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ಅವಳ ಹೆಸರು ಕರೆದೆ.

"ಸ್ತೋತ್ರ ಅಕ್ಕ" ಎಂದು ಸಭೆಯವರ ರೀತಿಯಲ್ಲೇ ನಮಸ್ಕಾರ ಹೇಳಿದಳು ರತ್ನ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. "ನಲವತ್ತು ಹುಡುಗರಿಗೆ ಪೂರಿ ಆಗ್ಬೇಕು. ಒಲೆ ಬಿಟ್ಟು ಬರೋಕಾಗಲ್ಲ. ಮಾತಾಡೋದಿದ್ರೆ ಲಟ್ಟಿಸ್ತಾ ಮಾತಾಡಿ."

ಮಣೆ, ಲಟ್ಟಣಿಗೆ ನನ್ನ ಮುಂದೆ ಬಂದವು. ಸೆರಗು ಸಿಕ್ಕಿಸಿ ಕೂತೆ. ಮೊದಲನೆಯ ಪೂರಿಯನ್ನು ಬೆಳಕಿಗೆ ಹಿಡಿದು ನೋಡಿ, "ದಪ್ಪ ಆಯ್ತು, ಉಬ್ಬಲ್ಲ. ವಾಪಸ್ ಉಂಡೆ ಮಾಡಿ" ಎಂದಳು. ಎರಡನೆಯದು ಒಂದು ಕಡೆ ತೆಳ್ಳಗೆ. ಮೂರನೆಯದಕ್ಕೆ ಹಿಟ್ಟು ಜಾಸ್ತಿ. ಸಾಲಾಗಿ ಐದು ವಾಪಸ್ಸು ಬಂದವು! ಇಪ್ಪತ್ತೆರಡು ವರ್ಷ ಬೇರೆಯವರ ಪೀಸು ಎಸೆದವಳ ಕಿವಿ ಬಿಸಿಯಾಯಿತು. ಆರನೆಯದನ್ನು ಅವಳು ಮಾತಿಲ್ಲದೆ ಎಣ್ಣೆಗೆ ಬಿಟ್ಟಳು, ಅದು ಬುಗ್ಗೆಂದು ಉಬ್ಬಿತು. ಆ ಧೈರ್ಯದಲ್ಲಿ ಬಾಯಿ ತೆರೆದೆ.

"ರತ್ನಾ, ಅವತ್ತು ನಾನು ಕೈ ಹಿಡೀದೇ ಇದ್ದಿದ್ದು ನೀನು ಪಾಠ ಒಪ್ಪಿಸಿಲ್ಲ ಅಂತಲ್ಲ ಕಣೆ. ದೀಕ್ಷಾಸ್ನಾನ ಆದೋರು ಮಾತ್ರ ಹಿಡೀಬೇಕಲ್ಲ. ನಂಗೆ ಆಗಿರ್ಲಿಲ್ಲ."

"ಏನ್ ಆಗಿರ್ಲಿಲ್ಲ?"

"ದೀಕ್ಷಾಸ್ನಾನ. ಉಳಿದೋರು ಕೇಳಿದಾಗೆಲ್ಲ ಮಂಡಿ ನೋವು, ನೆಗಡಿ ಅಂತ ತಪ್ಪಿಸ್ಕೊತಿದ್ದೆ. ನೀನು ಬಿಡದೆ ಹಟ ಮಾಡ್ದೆ. ನನ್ನ ಗುಟ್ಟು ಮುಚ್ಕೊಳ್ಳೋಕೆ ತಪ್ಪನ್ನ ನಿನ್ನ ಮೇಲೆ ಹಾಕ್ದೆ. ಕ್ಷಮಿಸು ಅಂತ ಕೇಳೋಕೆ ಬಂದೆ. ಇವತ್ತು ಹನ್ನೊಂದಕ್ಕೆ ನಾನು ಇಳೀಬೇಕು, ನೀನು ಕೈ ಹಿಡೀತೀಯಾ ಅಂತಾನೂ ಕೇಳೋಕೆ ಬಂದೆ."

ಜಾಲರಿ ಸೌಟು ಹಿಡಿದ ಕೈ ಹಾಗೇ ನಿಂತಿತು. ಬಾಣಲೆಯಲ್ಲಿದ್ದ ಪೂರಿ ಕಪ್ಪಾಯಿತು.

"ಏಳನೇ ಪಾಠ ನನಗೆ ಬರ್ತಿತ್ತು ಅಕ್ಕ" ಎಂದಳು ರತ್ನ. "ಎಲ್ಲರನ್ನೂ ಕ್ಷಮಿಸಿದ್ದೀನಿ ಅಂತ ಹೇಳ್ಬೇಕಿತ್ತು. ಮನೆ ಭಾಗದ ವಿಷ್ಯದಲ್ಲಿ ನಮ್ಮಣ್ಣನ ಮೇಲೆ ಇನ್ನೂ ಕೋಪ ಇತ್ತು. ಅದಕ್ಕೆ ಹೇಳ್ಲಿಲ್ಲ. ಸುಳ್ಳು ಹೇಳಿದ್ರೆ ಪಾಸಾಗ್ತಿದ್ದೆ. ಕೂಸು ಅಂದ್ರಿ ನೀವು, ಎಷ್ಟು ಅತ್ತಿದ್ದೀನಿ ಗೊತ್ತಾ?"

ಅಷ್ಟೂ ಬ್ಯಾಚುಗಳಲ್ಲಿ ನನ್ನ ಪ್ರಶ್ನೆಗೆ ನಿಜ ಹೇಳಿದವಳು ಇವಳೊಬ್ಬಳು. ಅವಳನ್ನೇ ನಾನು ಕೆಳಗಿಳಿಸಿದ್ದೆ. ತಲೆ ತಗ್ಗಿಸಿ ಪೂರಿ ಲಟ್ಟಿಸುತ್ತಾ ಹೋದೆ. ಕಣ್ಣೀರು ಹಿಟ್ಟಿನ ಮೇಲೆ ಬೀಳದಂತೆ ಭುಜಕ್ಕೆ ಒರೆಸಿಕೊಳ್ಳುವುದೇ ದೊಡ್ಡ ಕೆಲಸವಾಯಿತು. ಒಂಬತ್ತೂಕಾಲಿಗೆ ಕೊನೆಯ ಪೂರಿ ಎತ್ತಿ ರತ್ನ ಒಲೆ ಆರಿಸಿದಳು.

"ರಾಜಾನುಕುಂಟೆವರೆಗೂ ಬರ್ತೀನಿ. ಕೈ ಹಿಡೀತೀನಿ ಅಂತ ಮಾತ್ರ ಈಗ್ಲೇ ಹೇಳಲ್ಲ. ಇವತ್ತು ಕೋಪ ಇದೆ, ಇಲ್ಲ ಅಂತ ನಾಟಕ ಮಾಡೋಕೆ ಬರಲ್ಲ ನಂಗೆ."

ಅಷ್ಟಾದರೂ ಸಿಕ್ಕಿತಲ್ಲ ಎಂದು ನನ್ನ ಜೀವ ಕುಣಿಯಿತು. ಕೊಡಿಗೇಹಳ್ಳಿ ಗೇಟಿನಲ್ಲಿ ಯಲಹಂಕದ ಬಸ್ಸು ಹತ್ತಿದೆವು. ಯಲಹಂಕ ಹಳೇ ಊರಿನಲ್ಲಿ ಮುಂದಿನ ಬಸ್ಸಿಗೆ ಇಪ್ಪತ್ತು ನಿಮಿಷ ಕಾಯಬೇಕಿತ್ತು. ಬಿಸಿಲು ಚುರುಗುಟ್ಟಲು ಶುರುವಾಗಿತ್ತು. ದರ್ಶಿನಿಯೊಂದರಲ್ಲಿ ಮೂವತ್ತು ರೂಪಾಯಿಗೆ ಎರಡು ಕಾಫಿ ಕುಡಿದೆವು. ಅವಳು ಬುಧವಾರ ಸಂಜೆ ತನ್ನ ಮನೆಯಲ್ಲಿ ನಾಲ್ಕೈದು ಹೆಂಗಸರನ್ನು ಕೂರಿಸಿಕೊಂಡು ಪಾಠ ಮಾಡುತ್ತಾಳೆಂದು ಕೇಳಿದ್ದೆ. ಕುತೂಹಲ ತಡೆಯಲಾಗಲಿಲ್ಲ.

"ಯಾರ್ಯಾರು ಯಾವ ಹಂತದಲ್ಲಿದ್ದಾರೆ ಅಂತ ಹೇಗೆ ನೋಡ್ತೀಯ?"

"ಹಂತ ಗಿಂತ ನೋಡಲ್ಲ ಅಕ್ಕ. ಜಗಳ ಆಡ್ಕೊಂಡು ಹೋದೋರು ಮುಂದಿನ ಬುಧವಾರ ವಾಪಸ್ ಬಂದ್ರೆ, ಬೆಳೀತಿದ್ದಾರೆ ಅಂತ ನನ್ನ ಲೆಕ್ಕ."

ಸಾಕುವ ತಾಯಿ ಎಂದು ನಾನು ಫ್ಲೆಕ್ಸ್ ಮೇಲೆ ಬರೆಸಿದ್ದೆನಲ್ಲ, ಅವಳು ಯಾವುದೇ ಬೋರ್ಡಿಲ್ಲದೆ ಅದನ್ನೇ ಮಾಡುತ್ತಿದ್ದಳು. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು, ಜೊತೆಗೇ ಹೆಮ್ಮೆಯೂ ಆಯಿತು. ದೊಡ್ಡಬಳ್ಳಾಪುರ ರಸ್ತೆಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಹೊಸ ಲೇಔಟುಗಳ ಕಮಾನುಗಳು, ನಡುನಡುವೆ ದ್ರಾಕ್ಷಿ ತೋಟಗಳು ಹಿಂದಕ್ಕೆ ಓಡಿದವು.

ರಾಜಾನುಕುಂಟೆಯಲ್ಲಿ ಇಳಿದು ಒಂದು ಕಿಲೋಮೀಟರ್ ನಡೆದರೆ ಮುನಿಯಪ್ಪನವರ ತೋಟ. ಗುಲಾಬಿಗೆ ನೀರು ಬಿಡಲು ಕಟ್ಟಿಸಿದ ಅವರ ಸಿಮೆಂಟ್ ತೊಟ್ಟಿಯೇ ನಮಗೆ ದೀಕ್ಷಾಸ್ನಾನದ ಜಾಗ. ಅವರು ನಮ್ಮ ಸಭೆಯವರಲ್ಲ. ಕೇಳಿದಾಗೆಲ್ಲ ಇಲ್ಲವೆನ್ನದೆ ಬಿಟ್ಟುಕೊಡುತ್ತಾರೆ. ವ್ಯಾನಿನವರು ಆಗಲೇ ಬಂದು ಹಾಡಲು ಶುರುಮಾಡಿದ್ದರು. ಮೋಟಾರು ಮನೆಯಲ್ಲಿ ಚೂಡಿದಾರ್ ಹಾಕಿಕೊಂಡು ಬಂದಾಗ ನಮ್ಮ ಯಜಮಾನರು ಮೇಲಿಂದ ಕೆಳಗೆ ನೋಡಿ, "ಕಾಲೇಜ್ ಹುಡುಗಿ ಕಣೆ ನೀನು!" ಎಂದರು. ನನಗೂ ನಗು ಬಂತು.

ನನ್ನ ಮುಂದೆ ಇಬ್ಬರು ಹುಡುಗಿಯರು ಇಳಿದರು, ಇಬ್ಬರೂ ನನ್ನ ವಿದ್ಯಾರ್ಥಿನಿಯರು. ಆಮೇಲೆ ಪಾಸ್ಟರ್ ನೀರಿನಲ್ಲೇ ನಿಂತು, "ಸುಗುಣ ಸಿಸ್ಟರ್. ಕೈ ಹಿಡಿಯೋರು ಯಾರು?" ಎಂದರು.

ಹಾಡು ನಿಂತಿತು. ನಾನು ರತ್ನಳ ಕಡೆ ತಿರುಗಲಿಲ್ಲ. ಬಲವಂತ ಮಾಡಿದ ಹಾಗಾಗಬಾರದು ಎಂದು ನೀರನ್ನೇ ನೋಡುತ್ತಾ ನಿಂತೆ. ಕರ್ತನೇ, ಅವಳು ಬಾರದಿದ್ದರೂ ಅವಳ ಮೇಲೆ ನನಗೆ ಬೇಜಾರಾಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಯಾರೋ ಕೆಮ್ಮಿದರು. ಹಿಂದೆ ಯಾರೋ ಚಪ್ಪಲಿ ಬಿಡುವ ಸದ್ದಾಯಿತು.

"ಉಷಾರು ಕಣಮ್ಮೋ, ಪಾಚಿ ಐತೆ. ಇಂಗೆ, ಈ ಕಡೆಯಿಂದ ಇಳೀರಿ" ಎಂದರು ಮುನಿಯಪ್ಪನವರು.

ರತ್ನ ಬಂದು ನನ್ನ ಪಕ್ಕ ನಿಂತಳು. ಅವಳ ಕೈಯಿಂದ ಇನ್ನೂ ಎಣ್ಣೆಯ ವಾಸನೆ ಬರುತ್ತಿತ್ತು. ಎಲ್ಲರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು:

"ಇವರ ವಿಷ್ಯ ನಂಗೆ ಗೊತ್ತಿರೋದು ಇಷ್ಟು. ಮೂರು ವರ್ಷದ ಹಿಂದೆ ಇಲ್ಲೇ ನನ್ನ ಕೈ ಹಿಡೀಲಿಲ್ಲ. ಯಾಕೆ ಹಿಡೀಲಿಲ್ಲ ಅಂತ ಇವತ್ತು ಬೆಳಿಗ್ಗೆ ಬಂದು ನಿಜ ಹೇಳಿದ್ರು. ನಂಗಿನ್ನೂ ಕೋಪ ಪೂರ್ತಿ ಹೋಗಿಲ್ಲ. ಆದ್ರೆ ತಪ್ಪು ಒಪ್ಕೊಳ್ಳೋದು ಅಂತ ಮೊದಲನೇ ಪಾಠ ಇದೆಯಲ್ಲ, ಅದರಲ್ಲಿ ಇವರು ಪಾಸು." ಆಮೇಲೆ ನನ್ನ ಕಡೆ ತಿರುಗಿದಳು. "ಇನ್ನು ಹನ್ನೊಂದು ಬಾಕಿ ಇದೆ. ನಾನು ಹೇಳ್ಕೊಡ್ತೀನಿ."

ಎಲ್ಲರೂ ನಕ್ಕರು. ನಾನು ಗೊಳೋ ಎಂದು ಅತ್ತೆ. ಅಳುತ್ತಲೇ ಅವಳ ಕೈ ಹಿಡಿದು ಮೆಟ್ಟಿಲು ಇಳಿದೆ. ಅಬ್ಬಾ, ಆ ನೀರು ಎಷ್ಟು ತಣ್ಣಗಿತ್ತು! ಸೊಂಟದವರೆಗೆ ಬರುವಷ್ಟರಲ್ಲಿ ಉಸಿರು ಸಿಕ್ಕಿಕೊಂಡಿತು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಪಾಸ್ಟರ್ ನನ್ನನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿದರು. ಕಿವಿಯೊಳಗೆ ಒಂದು ಕ್ಷಣ ಯಾವ ಸದ್ದೂ ಇರಲಿಲ್ಲ. ಎದ್ದಾಗ ಬಿಸಿಲು, ಚಪ್ಪಾಳೆ, ಹಾಡು ಎಲ್ಲವೂ ಒಟ್ಟಿಗೆ ಮೈಮೇಲೆ ಬಿದ್ದವು. ಸಂತೋಷಕ್ಕೆ ಕೂಗಿಬಿಟ್ಟೆ. ಏನು ಕೂಗಿದೆನೋ ನೆನಪಿಲ್ಲ.

ಮಧ್ಯಾಹ್ನ ತೋಟದಲ್ಲೇ ಚಿತ್ರಾನ್ನ, ಮೊಸರನ್ನ. ವ್ಯಾನಿನಲ್ಲಿ ಜಾಗವಿದ್ದರೂ ನಾನು ರತ್ನಳ ಜೊತೆ ನೇರ ಬಸ್ಸಿನಲ್ಲೇ ಹಿಂತಿರುಗಿದೆ. ಅವಳು ದಾರಿಯುದ್ದಕ್ಕೂ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು, ಪಾಪ, ನಾಲ್ಕು ಗಂಟೆಗೆ ಎದ್ದವಳು. ಕೊಡಿಗೇಹಳ್ಳಿ ಗೇಟಿನಲ್ಲಿ ಎಬ್ಬಿಸಿದೆ. ಇಳಿದ ಮೇಲೆ ಕಿಟಕಿಯ ಹತ್ತಿರ ಬಂದು, "ಬುಧವಾರ ಏಳು ಗಂಟೆಗೆ. ಲೇಟ್ ಮಾಡ್ಬೇಡಿ, ನಾನು ಕಾಯಲ್ಲ" ಎಂದಳು.

"ಬರ್ತೀನಿ ಟೀಚರ್" ಎಂದೆ. ಬಸ್ಸು ಹೊರಟ ಮೇಲೂ ತಿರುಗಿ ನೋಡುತ್ತಿದ್ದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ರಸ್ತೆಯ ಮೇಲೆ ಒಬ್ಬಳೇ ನಗುತ್ತಿದ್ದಳು.