ಗಿರಣಿ ನಿಲ್ಲಿಸಿದ ಅರ

ಅವರ ಬಲ ಅಂಗೈಯ ನಡುವೆ ಹುಣಸೆಬೀಜದಷ್ಟು ಜಾಗ ಜಡ್ಡುಗಟ್ಟಿ ಹೊಳೆಯುತ್ತಿತ್ತು. ವಿಮಾನ ದುರಸ್ತಿಯ ಶೆಡ್ಡಿನಲ್ಲಿ ವರ್ಷಗಟ್ಟಲೆ ಅರದ ಹಿಡಿ ಒತ್ತಿ ಒತ್ತಿ ಆದದ್ದು. ನಿವೃತ್ತರಾಗಿ ಬ್ಯಾಡಗಿಗೆ ಬಂದು, ನಮ್ಮ ಖಾರದ ಗಿರಣಿಯ ಪಕ್ಕದ ಮನೆಯಲ್ಲಿದ್ದರು. ನಮಗೆಲ್ಲ ಅವರು ಕಾಕಾ.

ಲೋಹ ತಿಕ್ಕುವ ಅರಗಳನ್ನು ಖಾಕಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಒಂದೊಂದಕ್ಕೂ ಒಂದೊಂದು ಕಿಸೆ. ಒಮ್ಮೆ ನನ್ನ ಅಲ್ಯುಮಿನಿಯಂ ಬೋಗುಣಿಯ ಅಂಚು ಕೈ ತರಚುತ್ತದೆ ಎಂದೆ. ಕೈಯಲ್ಲಿ ಒಂದು ಅರ ಇದ್ದರೂ ಮನೆಗೆ ಹೋಗಿ ಬೇರೆಯದನ್ನು ತಂದರು.

"ಅದು ಉಕ್ಕು ತಿಕ್ಕಿದ್ದವಾ. ಅದರ ಹಲ್ಲಾಗಿನ ಪುಡಿ ಇದಕ್ಕ ಹತ್ತಿದ್ರ ಒಳಗಿಂದೊಳಗ ತಿಂತೈತಿ."

"ನಾ ಇದರಾಗ ಹಿಟ್ಟು ನಾದಾಕಿ ಕಾಕಾ, ಹಾರಾಕಿ ಅಲ್ಲ!"

ಅವರು ನಗಲಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಬೇಸಿಗೆಯ ಖಾರ ಕುಟ್ಟಿಸುವ ದಿನಗಳು. ಬಾಗಿಲಲ್ಲಿ ಹೆಂಗಸರು ಚೀಲ ಹಿಡಿದು ಸೀನುತ್ತ ನಿಂತಿದ್ದರು. ಯಂತ್ರದೊಳಗಿನ ಕಬ್ಬಿಣದ ಬಡಿಗೆಯೊಂದು ಜಾಲರಿಗೆ ತಾಗುತ್ತಿತ್ತು. ರಾಣೆಬೆನ್ನೂರಿನ ಮೇಸ್ತ್ರಿ ಬರುವತನಕ ಕಾಯುವಂತಿರಲಿಲ್ಲ. ಕಾಕಾನೇ ಬಂದು ಅಂಚು ತಿಕ್ಕಿ ಸರಿಮಾಡಿದರು. ನಮ್ಮ ಯಜಮಾನರು ಮುಚ್ಚಳ ಬಿಗಿದು ಸ್ವಿಚ್ಚಿಗೆ ಕೈ ಚಾಚಿದರು.

"ತಡಿ ತಮ್ಮಾ! ಒಂದು ಕಿಸೆ ಖಾಲಿ ಐತಿ," ಕಾಕಾ ಕೂಗಿದರು.

ಕಟ್ಟೆ, ಬುಟ್ಟಿ, ಅವರ ಜೇಬು ಎಲ್ಲ ಹುಡುಕಿದೆವು. ಸಿಗಲಿಲ್ಲ. ಕರೆಂಟು ಹೋಗುವ ಹೊತ್ತು ಬೇರೆ ಹತ್ತಿರವಾಗುತ್ತಿತ್ತು.

"ಮನ್ಯಾಗ ಬಿಟ್ಟ ಬಂದೀರಿ ಕಾಕಾ. ಸಣ್ಣ ಅರಕ್ಕ ಇಷ್ಟು ಮಂದಿನ್ನ ನಿಂದ್ರಸ್ತೀರೇನು?" ಯಜಮಾನರು ರೇಗಿದರು.

"ಅಜ್ಜಾರ್ದು ವಿಮಾನ ಇನ್ನಾ ಇಳದಿಲ್ಲ ಬಿಡ್ರಿ!" ಸಾಲಿನಿಂದ ಒಬ್ಬಾಕೆ ಅಂದಳು.

ಕಾಕಾ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತರು. "ಒಳಗ ಉಳದಿದ್ರ? ಅರ ಬಾಗೂದಿಲ್ಲೋ, ಗಾಜಿನಂಗ ಚೂರಾಗಿ ಸಿಡಿತೈತಿ. ಇದರ ಬಾಯಿ ಮುಂದ ನಿಂತು ಮೆಣಸಿನಕಾಯಿ ಹಾಕಾಕಿ ಯಾರು? ನಿನ್ನ ಹೆಂಡ್ತಿ."

ಯಜಮಾನರು ಮುಚ್ಚಳ ಬಿಚ್ಚಿದರು. ಜಾಲರಿಯ ಹಿಂದೆ, ಕೆಂಪು ಪುಡಿಯೊಳಗೆ ಅರ ಬಿದ್ದಿತ್ತು. ನಾನು ಅಲ್ಲೇ ಚೀಲದ ಮೇಲೆ ಕುಳಿತೆ.

"ಸಿಕ್ತಲ್ರಿ ಕಾಕಾ," ಎಂದೆ.

"ಸಿಕ್ತವಾ. ಆದ್ರ ಅಲ್ಲಿ ಇಟ್ಟಿದ್ದು ನನಗ ನೆನಪಿಗೇ ಬರವಲ್ದು."

ಅಂದೇ ಅರಗಳನ್ನೆಲ್ಲ ಯಜಮಾನರ ಕೈಗೆ ಕೊಟ್ಟುಬಿಟ್ಟರು. ಆಮೇಲೆ ಎಷ್ಟು ಕರೆದರೂ ಯಂತ್ರ ಮುಟ್ಟಲಿಲ್ಲ. ರಿಪೇರಿ ನಡೆದಾಗ ಬಾಗಿಲಲ್ಲಿ ಕುಳಿತು, "ಎಲ್ಲಾ ಅದಾವೇನೋ?" ಎಂದು ಕೇಳುವರು. ಹೂಂ ಅಂದರೂ ಮತ್ತೆ ಕೇಳುವರು.

ಮುಂದಿನ ವರ್ಷ ಮಳೆಗಾಲದಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ಗಂಜಿ ತೆಗೆದುಕೊಂಡು ಹೋಗಿದ್ದೆ. ನನ್ನ ಹೆಸರು ಅವರಿಗೆ ಹೊಳೆಯಲಿಲ್ಲ. ನನ್ನ ಬಲಗೈ ಹಿಡಿದು, ಒಂದೊಂದೇ ಬೆರಳು ಮುಟ್ಟಿ ನೋಡಿದರು.

"ಎಲ್ಲಾ ಅದಾವೇನವಾ?"

"ಅದಾವ್ರಿ ಕಾಕಾ."

ಅವರಿಗೆ ನಂಬಿಕೆ ಬರಲಿಲ್ಲ. ಮತ್ತೆ ಹೆಬ್ಬೆರಳಿನಿಂದ ಶುರುಮಾಡಿದರು.