ತಾತನ ಅಂಗಿಗಳಿಗೆಂದು ತಂದ ಕಟರ್

ಮಕ್ಕಳೇ, ನಿಮ್ಮ ತಾತ ತೀರಿಕೊಂಡಾಗ ದೊಡ್ಡವಳಿಗೆ ಇನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಚಿಕ್ಕವನು ಹುಟ್ಟೇ ಇರಲಿಲ್ಲ. ನಿಮಗೆ ಅವರು ಗೋಡೆಯ ಮೇಲಿನ ಫೋಟೊ ಅಷ್ಟೆ. ದೊಡ್ಡವಳು ಆಗಾಗ ನನ್ನ ಕೈಯ ಗಾಯದ ಗುರುತು ಮುಟ್ಟಿ ಇದೇನಜ್ಜಿ ಎಂದು ಕೇಳುತ್ತಾಳೆ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ತೀರಿಹೋದವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕಾರ್ಯ ಮುಗಿದ ಮೇಲೆ ಗಂಟು ಕಟ್ಟಿ ಯಾರಿಗಾದರೂ ಕೊಟ್ಟುಬಿಡುತ್ತಾರೆ, ಇಲ್ಲವೇ ಹೊಳೆಗೆ ಬಿಡುತ್ತಾರೆ. ನಾನು ಪಂಚೆ, ಟವಲು, ಸ್ವೆಟರು ಎಲ್ಲ ಕೊಟ್ಟೆ. ಅಂಗಿಗಳನ್ನು ಮಾತ್ರ ನನ್ನ ಹಳೆ ಸೀರೆಗಳ ಕೆಳಗೆ ತಳ್ಳಿದೆ. ಮೇಟಗಳ್ಳಿಯ ಕಾರ್ಖಾನೆಗೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಅಂಗಿಗಳು, ಮದುವೆಮನೆಗಳಿಗೆಂದು ಇಟ್ಟಿದ್ದ ಬಿಳಿಯವು, ಗೀಟುಗೀಟಿನವು. ಜೇಬಿನ ಮೂಲೆಗಳಲ್ಲಿ ಇನ್ನೂ ನಶ್ಯದ ಪುಡಿ ಇತ್ತು. ಮೂಸಿದರೆ ಸೀನು ಬರುತ್ತಿತ್ತು. ಸೀನುತ್ತಾ ಅಳುವುದು ಎಂಥ ಅವಸ್ಥೆ ಎಂದು ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಆ ಅಂಗಿಗಳಿಂದ ನಿಮ್ಮಿಬ್ಬರಿಗೂ ಒಂದೊಂದು ಕೌದಿ ಹೊಲಿಯಬೇಕೆಂದು ಚಿಕ್ಕವನು ಹುಟ್ಟಿದಾಗಲೇ ಅಂದುಕೊಂಡೆ. ಅಂದುಕೊಂಡು ಸುಮ್ಮನಿದ್ದೆ. ಅಷ್ಟರಲ್ಲಿ ನನ್ನ ಬಲಗೈ ಕೆಡಲು ಶುರುವಾಯಿತು. ಹೆಬ್ಬೆರಳಿನ ಬುಡ ಊದಿಕೊಂಡು, ಕತ್ತರಿ ಹಿಡಿದರೆ ಮೊಣಕೈವರೆಗೆ ನೋವು ಹತ್ತುತ್ತಿತ್ತು. ಕುವೆಂಪುನಗರದ ಡಾಕ್ಟರಮ್ಮ ಕೀಲು ಸವೆದಿದೆ ಎಂದರು. ಬೆರಳುಗಳೂ ಒಂದೊಂದಾಗಿ ಬಿಗಿಯುತ್ತವಂತೆ. ಮಾತ್ರೆ ನೋವಿಗೆ, ಬಿಗಿತಕ್ಕಲ್ಲ ಎಂದೂ ಹೇಳಿದರು. ಕೈ ಪೂರ್ತಿ ಹೋಗುವ ಮೊದಲು ಎರಡು ಕೌದಿ ಮುಗಿಯಬೇಕು ಎಂಬುದೊಂದೇ ಆಮೇಲೆ ನನ್ನ ತಲೆಯಲ್ಲಿ ಉಳಿದದ್ದು.

ನಿಮ್ಮಮ್ಮ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಹಿಡಿಯ ತುದಿಯಲ್ಲಿ ದುಂಡನೆಯ ಬ್ಲೇಡು. ಬಟ್ಟೆಯ ಮೇಲೆ ಉರುಳಿಸಿದರೆ ಸಾಕು, ಕತ್ತರಿಯಂತೆ ಹೆಬ್ಬೆರಳು ಆಡಿಸಬೇಕಾಗಿಲ್ಲ. ರೋಟರಿ ಕಟರ್ ಎಂದು ಹೆಸರು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಲಷ್ಕರ್ ಮೊಹಲ್ಲಾದ ಟೈಲರಿಂಗ್ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯಲ್ಲಿ ಜನ ಬಹಳ. ಎಲ್ಲರೆದುರು ಕೈ ಚಾಚಿ ಹಿಡಿದು ನೋಡಲು ನನಗೆ ನಾಚಿಕೆ. ಮೊದಲು ಮುಂದಿಟ್ಟದ್ದಕ್ಕೇ ತಲೆಯಾಡಿಸಿಬಿಟ್ಟೆ. ಅದು ನೆಟ್ಟಗಿನ ಹಿಡಿಯದು. ಮನೆಗೆ ಬಂದು ನೋಡಿದರೆ ಬ್ಲೇಡು ಹೊರಗೆ ಬರಲು ಹೆಬ್ಬೆರಳಿನಿಂದಲೇ ಗುಂಡಿ ನೂಕಬೇಕು. ಯಾವ ಬೆರಳಿಗೆ ಆಗದೆಂದು ಅದನ್ನು ತಂದಿದ್ದೆವೋ ಅದೇ ಬೆರಳು!

ನಿಮ್ಮಮ್ಮನಿಗೆ ಹೇಳದೆ, ಬಸ್ಸು ಹತ್ತಿ ಒಬ್ಬಳೇ ವಾಪಸ್ಸು ಹೋದೆ. ಅಂಗಡಿಯಾಕೆ ನನ್ನ ಕೈ ನೋಡಿ, "ಅವತ್ತೇ ಬಾಯ್ಬುಟ್ಟು ಹೇಳೋದಲ್ವಾ ಕಣಮ್ಮ? ನಾವೇನು ಹೆಣ್ಣು ನೋಡಕ್ ಬಂದಿದ್ವಾ, ನೀವು ಹಂಗೆ ನಾಚ್ಕೊಳಕ್ಕೆ?" ಎಂದು ನಗಾಡಿದಳು. ಬೇರೆ ಬೇರೆಯವನ್ನು ತೆಗೆದು ಒಂದೊಂದಾಗಿ ಕೈಗೆ ಕೊಟ್ಟಳು. ಚಿಕ್ಕ ಬ್ಲೇಡಿನದು ಹಗುರ, ಆದರೆ ಎರಡು ಪದರ ಬಟ್ಟೆಗೇ ಒತ್ತಿ ಒತ್ತಿ ಎಳೆಯಬೇಕು. ದೊಡ್ಡದು ಮಣಿಕಟ್ಟಿಗೆ ಭಾರ. ಕೊನೆಗೆ ಬಾಗಿದ ಹಿಡಿಯದೊಂದು ಸಿಕ್ಕಿತು. ಅಂಗೈಯಲ್ಲಿ ಮೆತ್ತಗೆ ಕೂರುತ್ತಿತ್ತು. ನಾಲ್ಕು ಬೆರಳಲ್ಲಿ ಹಿಡಿಯನ್ನು ಅಮುಕಿದರೆ ಬ್ಲೇಡು ಹೊರಗೆ, ಸಡಿಲ ಬಿಟ್ಟರೆ ಒಳಗೆ ಎಂದು ಅವಳೇ ತೋರಿಸಿದಳು. ಹೆಬ್ಬೆರಳಿಗೆ ಕೆಲಸವೇ ಇಲ್ಲ. ಇದೇ ಇರಲಿ ಎಂದೆ. ಕೆಳಗೆ ಹಾಸಿಕೊಳ್ಳುವ ಹಸಿರು ಮ್ಯಾಟು, ಉದ್ದನೆಯ ಸ್ಕೇಲು ಕೂಡ ತಂದೆ.

ಮೊದಲ ಕೌದಿ ಮಳೆಗಾಲದಲ್ಲಿ ಮುಗಿಯಿತು. ಅದು ದೊಡ್ಡವಳದು. ಅದನ್ನು ನಿಮ್ಮ ತಾತನ ತಂಗಿ ಬಂದು ನೋಡಿದಳು. ನೀಲಿ ಬಟ್ಟೆಯ ಗುರುತು ಅವಳಿಗೆ ಸಿಗದೇ ಇರುತ್ತದೆಯೇ?

"ಅತ್ತಿಗೆ, ಇದು ಅಣ್ಣನ ಅಂಗಿ ಅಲ್ವಾ?"

ಕೌದಿಯನ್ನು ಮಡಚಿಟ್ಟೆ.

"ಬದುಕಿರೋರ ಹಳೇ ಬಟ್ಟೆ ಮಕ್ಳಿಗೆ ಹಾಸ್ತಾರೆ, ಸರಿ. ಸತ್ತೋರ ಬಟ್ಟೇನ ಎಳೇ ಮಕ್ಳಿಗೆ ಹೊದಿಸ್ತೀಯಲ್ಲ, ನಿಂಗೆ ತಲೆ ಗಿಲೆ ಕೆಟ್ಟೋಯ್ತಾ? ಅಣ್ಣನ್ನೇ ಹೊದಿಸ್ದಂಗೆ ಕಣತ್ತಿಗೆ ಅದು!"

ನನಗೆ ಬೇಕಾಗಿದ್ದದ್ದು ಅದೇ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಕಾಫಿ ಕೊಟ್ಟೆ. ಅವಳು ಮುಟ್ಟಲಿಲ್ಲ.

ಎರಡನೆಯದಕ್ಕೆ ಕತ್ತರಿಸುತ್ತಿದ್ದದ್ದು ಚಳಿಯ ಬೆಳಗ್ಗೆ. ಚಳಿಗೆ ನನ್ನ ಬೆರಳುಗಳು ಮಡಚಿದರೆ ಬೇಗ ಬಿಡಿಸಿಕೊಳ್ಳುವುದಿಲ್ಲ. ಕಟರನ್ನು ಮುಂದಕ್ಕೆ ತಳ್ಳಬೇಕು, ಯಾವತ್ತೂ ನಿನ್ನ ಕಡೆಗೆ ಎಳೆದುಕೋಬೇಡ ಎಂದು ನಿಮ್ಮಮ್ಮ ಎಷ್ಟೋ ಸಲ ಹೇಳಿದ್ದಳು. ಮೇಜಿನ ಹತ್ತಿರ ನಿಂತು ಮಾಡುವಾಗ ಹಾಗೇ ಮಾಡುತ್ತಿದ್ದೆ. ಅಂದು ಕಾಲು ನೋಯುತ್ತಿತ್ತೆಂದು ನೆಲದ ಮೇಲೆ ಕೂತೆ. ಕೂತ ಕೂಡಲೇ ಕೈಗೆ ಹಳೆಯ ಅಭ್ಯಾಸ ಬಂತು. ಊರಿನಲ್ಲಿ ಸ್ಕೂಲಿಗೆ ಹೋಗುವ ಮೊದಲೂ ಹೋಗಿ ಬಂದ ಮೇಲೂ ಕುಡುಗೋಲು ಹಿಡಿದು ದನಕ್ಕೆ ಹುಲ್ಲು ಕೊಯ್ದವಳು ನಾನು. ಎಡಗೈಯಲ್ಲಿ ಹಿಡಿ ಹುಲ್ಲು, ಬಲಗೈಯಿಂದ ತನ್ನ ಕಡೆಗೆ ಎಳೆತ. ಹಾಗೆಯೇ ಎಳೆದೆ. ಬ್ಲೇಡು ಹೊಲಿಗೆಯ ದಪ್ಪಕ್ಕೆ ತಗುಲಿ ಸ್ಕೇಲಿನ ಮೇಲೆ ಹತ್ತಿತು. ಬಿಟ್ಟರೆ ಸಾಕಿತ್ತು, ಬ್ಲೇಡು ತಾನೇ ಒಳಗೆ ಹೋಗುತ್ತಿತ್ತು. ಬೆರಳು ಬಿಡಲಿಲ್ಲ. ಸ್ಕೇಲು ಅದುಮಿ ಹಿಡಿದಿದ್ದ ಎಡಗೈಯ ತೋರುಬೆರಳಿನ ತುದಿಯನ್ನು ಸೀಳಿಕೊಂಡು ಹೋಯಿತು.

ನೋವು ಮೊದಲು ಗೊತ್ತಾಗಲಿಲ್ಲ. ಬಿಳಿ ಅಂಗಿಯ ಮೇಲೆ ರಕ್ತ ನೋಡಿ, ನಿಮ್ಮ ತಾತನದೇ ರಕ್ತ ಎಂದು ಒಂದು ಗಳಿಗೆ ಹೆದರಿದೆ. ಕೊನೆಯ ದಿನಗಳಲ್ಲಿ ಅವರು ಕೆಮ್ಮಿದಾಗಲೆಲ್ಲ ಅಂಗಿಯ ಎದೆಯ ಮೇಲೆ ಹಾಗೆ ಬೀಳುತ್ತಿತ್ತು.

ಗಾಯ ಮಾಯಿತು. ಆದರೆ ಬೆರಳಿನ ತುದಿಗೆ ಈಗ ಸ್ಪರ್ಶವೇ ಇಲ್ಲ. ಕೌದಿ ಹೊಲಿಯುವಾಗ ಬಟ್ಟೆಯ ಅಡಿಯಲ್ಲಿ ಇರುವುದು ಆ ಬೆರಳೇ. ಸೂಜಿಯ ಮೊನೆ ಅದಕ್ಕೆ ಚುಚ್ಚಿದರೆ ಮಾತ್ರ ಎಲ್ಲ ಪದರ ದಾಟಿತೆಂದು ಗೊತ್ತಾಗುವುದು. ಪ್ರಯತ್ನಪಟ್ಟೆ. ಕೆಲವು ಹೊಲಿಗೆ ಅಡಿಗೆ ಇಳಿದೇ ಇರಲಿಲ್ಲ, ಕೆಲವು ನನ್ನ ಚರ್ಮವನ್ನೂ ಸೇರಿಸಿಕೊಂಡಿದ್ದವು. ನಿಮ್ಮಮ್ಮ ಸೂಜಿ ಕಿತ್ತುಕೊಂಡಳು. "ಸಾಕು ಬುಡಮ್ಮ, ಮೆಷಿನ್ನಿಗೆ ಕೊಡೋಣ" ಎಂದಳು. ಕೊಟ್ಟಿಲ್ಲ. ಅವಳಿಗೂ ಪುರಸೊತ್ತಿಲ್ಲ, ನಾನೂ ಜ್ಞಾಪಿಸಲಿಲ್ಲ.

ಸುದ್ದಿ ಕೇಳಿ ನಾದಿನಿ ಫೋನು ಮಾಡಿದ್ದಳು. "ನೋಡ್ದಾ, ಅಣ್ಣನೇ ಬ್ಯಾಡ ಅಂದ" ಎಂದಳು. ಇಪ್ಪತ್ತೈದು ವರ್ಷಕ್ಕೂ ಮೇಲೆ ಅವರ ಜೊತೆ ಬಾಳಿದ್ದೇನೆ, ನನಗೆ ಬೇಡ ಎನ್ನುವುದಿದ್ದರೆ ಅವರು ಬಾಯಲ್ಲೇ ಹೇಳುತ್ತಿದ್ದರು, ಬೆರಳು ಕೊಯ್ಯುತ್ತಿರಲಿಲ್ಲ. ಆ ಮಾತನ್ನೂ ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಚಿಕ್ಕವನೇ, ನಿನ್ನ ಕೌದಿ ಆಗಲಿಲ್ಲ. ಕತ್ತರಿಸಿದ ತುಂಡುಗಳು ಬೀರುವಿನ ಕೆಳಗಿನ ಅರೆಯಲ್ಲಿ, ಹೂವಿನ ದಿಂಬಿನ ಕವರಿನೊಳಗೆ ಇವೆ. ಕಲೆಯಾದ ತುಂಡನ್ನು ಎಷ್ಟು ಒಗೆದರೂ ಕಂದು ಹೋಗಲಿಲ್ಲ, ಅದನ್ನು ಬೇಕಾದರೆ ಬಿಟ್ಟುಬಿಡು. ಒಂದು ನೀಲಿ ಅಂಗಿ ಇನ್ನೂ ಇಡಿಯಾಗಿದೆ. ಕಟರ್ ಅದರ ಮಡಿಕೆಯಲ್ಲೇ ಇದೆ. ನೀನೋ, ನಿನ್ನವರು ಯಾರೋ ಎಂದಾದರೂ ಕೈ ಹಾಕುವುದಾದರೆ ನಿಂತುಕೊಂಡೇ ಕತ್ತರಿಸಿ, ಮುಂದಕ್ಕೆ ತಳ್ಳಿ. ಅದಕ್ಕೂ ಮೊದಲು ಒಂದು ಸಲ ಹಿಡಿಯನ್ನು ಅಮುಕಿ, ಕೈ ತಾನಾಗಿ ಬಿಡುತ್ತದೆಯೇ ಎಂದು ನೋಡಿಕೊಳ್ಳಿ. ಅಂಗಡಿಯಲ್ಲಿ ನಾನು ಹಿಡಿದು ನೋಡಿದೆನೇ ಹೊರತು ಬಿಟ್ಟು ನೋಡಲಿಲ್ಲ.