ಗುರುವಾರದ ಇಪ್ಪತ್ತು ಪ್ರಶ್ನೆ

"ದೊಡ್ಡಮ್ಮಾ, ವರ್ಷಕ್ಕಿಂತ ದಿನವೇ ಉದ್ದ ಇರೋ ಗ್ರಹ ಯಾವುದು?"

ಬುಧವಾರ ಮಧ್ಯಾಹ್ನ ನಾನು ಬಾರಿನ ಹಿಂದುಗಡೆ ಗ್ಲಾಸು ತೊಳೆಯುವಾಗ ಪ್ರಶ್ನೆಯಣ್ಣ ಬಂದು ಹೀಗೆ ಕೇಳುವುದು ರೂಢಿ. ಅವನ ಕೈಯಲ್ಲಿ ಮಾರನೆಯ ದಿನದ ಕ್ವಿಜ್ಜಿನ ಇಪ್ಪತ್ತು ಕಾರ್ಡು ಇರುತ್ತವೆ. ಮುಂದೆ ಪ್ರಶ್ನೆ, ಬೆನ್ನಿಗೆ ಉತ್ತರ. ನನಗೆ ಗೊತ್ತಿಲ್ಲದಿದ್ದರೆ ಆ ಕಾರ್ಡು ಪಾಸು. ಗೊತ್ತಿದ್ದರೆ 'ತೀರಾ ಸುಲಭ' ಎಂದು ಅಲ್ಲೇ ಹರಿದು ಬುಟ್ಟಿಗೆ ಹಾಕುತ್ತಾನೆ. ಮೊದಮೊದಲು ವಾರಕ್ಕೆ ಒಂದು ಹರಿದರೆ ಹೆಚ್ಚಾಗಿತ್ತು. ಆದರೆ ನಾನು ನಿಲ್ಲುವ ಜಾಗಕ್ಕೂ ಗಿರಾಕಿಗಳು ಕೂರುವ ಹಾಲಿಗೂ ನಡುವೆ ಗ್ಲಾಸು ದಾಟಿಸಲು ಒಂದು ಕಿಂಡಿ ಇದೆ. ಗುರುವಾರ ಸಂಜೆ ಅವನು ಮೈಕಿನಲ್ಲಿ ಹೇಳಿದ್ದೆಲ್ಲ ಅದರೊಳಗಿಂದ ನನ್ನ ಕಿವಿಗೆ ಬೀಳುತ್ತದೆ. ಹನ್ನೊಂದು ವರ್ಷ ಬಿದ್ದರೆ ಎಂಥ ತಲೆಯಲ್ಲೂ ಒಂದಿಷ್ಟು ನಿಲ್ಲುತ್ತದೆ. ಈಚೆಗೆ ಇಪ್ಪತ್ತರಲ್ಲಿ ಏಳೆಂಟು ಹರಿಯಬೇಕಾಗಿ ಬಂದು, ಪಾಪ, ಮತ್ತೆ ಮಹಡಿ ಹತ್ತಿ ಹೊಸದು ಬರೆಯುತ್ತಿದ್ದ.

"ಶುಕ್ರ ಅಲ್ವೇನೋ?" ಅಂದೆ. "ತನ್ನ ಸುತ್ತ ತಾನು ಒಂದು ಸಲ ತಿರುಗೋದ್ರೊಳಗೆ ಸೂರ್ಯನ್ನೇ ಸುತ್ತಿ ಬಂದುಬಿಡುತ್ತೆ. ನೀನೇ ಹೇಳಿದ್ದಪ್ಪ, ಎಂಟು ವರ್ಷ ಆಯ್ತೇನೋ."

ಅವನು ಆ ದಿನ ಕಾರ್ಡು ಹರಿಯಲಿಲ್ಲ. "ನನ್ನ ಗುರುವಾರಾನೂ ಹಾಗೇ ದೊಡ್ಡಮ್ಮ, ಮುಗಿಯೋದೇ ಇಲ್ಲ" ಎಂದು, ಜೇಬಿನಿಂದ ಒಂದು ಪತ್ರ ತೆಗೆದ.

ಪತ್ರದ ವಿಷಯಕ್ಕೆ ಮೊದಲು ಅವನ ವಿಷಯ ಹೇಳಬೇಕು. ಅವನು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದವನು. ಒಂದು ಕೊಂಬು, ಒಂದು ಇಳಿ ತಪ್ಪಿದರೂ ಕಣ್ಣಿಗೆ ಮರಳು ಬಿದ್ದವನ ಹಾಗೆ ಆಡುವ ಜಾತಿ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದರೆ, "ಪ್ರೂಫ್ ನೋಡ್ತಾ ಕೂತೆ, ಟೈಮ್ ಆಗಿಹೋಯ್ತು" ಎಂದು ನಗುತ್ತಿದ್ದ. ಅಚ್ಚುಕೂಟ ಮುಚ್ಚಿದಾಗ ಅವನ ಅಕ್ಕ ಗಂಡನಿಗೆ ಹೇಳಿ, ಬಾರಿನ ಮೇಲಿನ ಕೋಣೆ ಕೊಡಿಸಿದಳು. ಮೂರು ತಿಂಗಳ ಮಟ್ಟಿಗೆ ಎಂದು ಮಾತಾಗಿತ್ತು. ಬಾರಿನ ಯಜಮಾನನೇ ಆದ ಭಾವ, "ಸುಮ್ನೆ ಯಾಕೆ ಕೂತಿರ್ತೀಯ? ಗುರುವಾರ ಗಿರಾಕಿ ಕಮ್ಮಿ, ಏನಾದ್ರೂ ಪ್ರಶ್ನೆ ಗಿಶ್ನೆ ಕೇಳು" ಅಂದ. ಮೊದಲನೆಯ ಗುರುವಾರ ಎರಡು ಟೇಬಲ್ಲು. ಆರನೆಯ ತಿಂಗಳಿಗೆ ನಿಲ್ಲಲು ಜಾಗವಿಲ್ಲ. ಅವತ್ತಿನಿಂದ ಕೋಣೆಯೂ ಅದೇ, ಊಟವೂ ಅದೇ, ಗುರುವಾರವೂ ಅದೇ. ಕೋಣೆಗೆ ಒಂದೇ ಕಿಟಕಿ, ಅದೂ ಪಕ್ಕದ ಗೋಡೆಗೆ ಮುಖ ಮಾಡಿಕೊಂಡಿದೆ. ಮಂಚದ ಕೆಳಗೆ ಹಳೆಯ ಕಾರ್ಡು ತುಂಬಿದ ಬೂಟಿನ ಡಬ್ಬಗಳು, ವರ್ಷಕ್ಕೆ ಎರಡರಂತೆ ಇಪ್ಪತ್ತೆರಡು.

ಪತ್ರ ಬರೆದವನು ಅಚ್ಚುಕೂಟದ ಹಳೆಯ ಜೊತೆಗಾರ. ದೂರದ ಊರಲ್ಲಿ ಪುಸ್ತಕ ಬೈಂಡಿಂಗ್ ಅಂಗಡಿ ಹಾಕಿದ್ದ. 'ಒಂದನೇ ತಾರೀಖಿನೊಳಗೆ ಬಾ, ಪಾಲುದಾರನಾಗು. ಅಂಗಡಿ ಎದುರಿಗೆ ಮೈದಾನ, ಇಡೀ ದಿನ ಬೆಳಕು' ಎಂದಿತ್ತು. ಪ್ರಶ್ನೆಯಣ್ಣ ಆ ಕೊನೆಯ ಸಾಲನ್ನು ಎರಡು ಸಲ ಓದಿದ. ಒಂದನೇ ತಾರೀಖಿಗೆ ಇನ್ನು ನಾಲ್ಕು ಗುರುವಾರ ಬಾಕಿ ಇದ್ದವು.

ಅವತ್ತೇ ಸಂಜೆ ಭಾವನಿಗೆ ವಿಷಯ ಹೇಳಿದ. ಭಾವ ಬಾಟಲಿ ಒರೆಸುತ್ತಲೇ, "ಹೋಗಪ್ಪ, ಯಾರು ಬೇಡ ಅಂದ್ರು? ನಿನ್ನ ಜಾಗದಲ್ಲಿ ಒಬ್ಬರನ್ನ ನಿಲ್ಲಿಸಿ ಹೋಗು. ಇಲ್ಲಾಂದ್ರೆ ಗುರುವಾರ ನಾನು ಮೈಕ್ ಹಿಡ್ಕೊಂಡು ಹಾಡ್ಲಾ?" ಅಂದ.

ಅಷ್ಟೇ ಆಗಿದ್ದರೆ ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಡುತ್ತಿದ್ದನೋ ಏನೋ. ಅಕ್ಕ ಹಿಂದಿನ ಬಾಗಿಲಲ್ಲಿ ಅವನನ್ನು ತಡೆದಳು. "ನೀನು ಕೈಬೀಸಿಕೊಂಡು ಹೋಗ್ತೀಯ ಕಣೋ. ನಿನ್ನ ತಮ್ಮ ಉಂಡ ಮನೇನ ಹೀಗೆ ಮಾಡ್ದ ಅಂತ ಸಾಯೋವರೆಗೂ ಕೇಳಿಸ್ಕೊಳ್ಳೋಳು ನಾನು. ಬದಲಿ ಜನ ಸಿಗೋ ತನಕ ಹೋಗಲ್ಲ ಅಂತ ನನಗೆ ಮಾತು ಕೊಡು." ಅವನು ಕೊಟ್ಟ. ಕೊಡದೆ ಇರಲು ಅವನಿಗೆ ಬರುತ್ತಿರಲಿಲ್ಲ.

ಬದಲಿ ಜನರ ಪರೀಕ್ಷೆ ಶುರುವಾಯಿತು. ಮೊದಲ ಗುರುವಾರ ಬ್ಯಾಂಕಿನ ಕ್ಯಾಷಿಯರ್ ಮೈಕ್ ಹಿಡಿದ. ಕಾರ್ಡಿನ ಹಿಂದು ಮುಂದು ಎರಡನ್ನೂ ಒಂದೇ ಉಸಿರಿಗೆ ಓದಿದ: "ಸಸ್ತನಿ ಪ್ರಾಣಿಗಳಲ್ಲಿ ರೆಕ್ಕೆ ಬಡಿದು ಹಾರುವಂಥದ್ದು ಯಾವುದು ಬಾವಲಿ." ಹಾಲಿಗೆ ಹಾಲೇ ಎದ್ದು ಚಪ್ಪಾಳೆ ತಟ್ಟಿತು. ಎರಡನೆಯ ಗುರುವಾರ ಟೈರ್ ಅಂಗಡಿಯವನು ನಿಂತ. ಅತಿ ಎತ್ತರದ ಪ್ರಾಣಿ ಯಾವುದು ಎಂದು ಕೇಳಿ, ತನ್ನ ತಂಡದ ಟೇಬಲ್ಲಿನ ಕಡೆ ತಿರುಗಿ ಕತ್ತು ಉದ್ದ ಮಾಡಿ ನಿಂತುಬಿಟ್ಟ. "ನಿನ್ನ ಕತ್ತಿಗಿಷ್ಟು, ಇಳಿಯೋ ಕೆಳಗೆ!" ಎಂದು ಬ್ಯಾಂಕಿನವರು ಕೂಗಿದರು.

ನಾನು ಕಿಂಡಿಯಿಂದ ಪ್ರಶ್ನೆಯಣ್ಣನ ಮುಖ ನೋಡಿದೆ. ಈ ಕೆಲಸ ನಿಭಾಯಿಸುವವರು ಒಬ್ಬರೇ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಹೆಸರು ಎತ್ತಲು ಅವನಿಗೆ ಬಾಯಿಲ್ಲ.

ಭೂಗೋಳದ ಟೀಚರ್. ಹೈಸ್ಕೂಲಿನಲ್ಲಿ ಪಾಠ ಮಾಡುವಾಕೆ. ಹಿಂದೆಲ್ಲ ಇಬ್ಬರು ಸಹೋದ್ಯೋಗಿಗಳ ಜೊತೆ ಬಂದು ಬಾಗಿಲ ಬಳಿಯ ಟೇಬಲ್ಲಿನಲ್ಲಿ ನಿಂಬೆ ಸೋಡಾ ಕುಡಿಯುತ್ತಾ ಎಲ್ಲರನ್ನೂ ಸೋಲಿಸುತ್ತಿದ್ದಳು. ಆರು ವರ್ಷದ ಹಿಂದೆ, ವರ್ಷದ ಬಹುಮಾನದ ಕಪ್ಪು ಯಾರಿಗೆಂದು ತೀರ್ಮಾನವಾಗುವ ಕೊನೆಯ ಗುರುವಾರ, ಟೀಚರ್ ಟೇಬಲ್ಲೂ ಟೈರ್ ಅಂಗಡಿಯೂ ಸಮಸಮ ಇದ್ದವು. ಉಳಿದದ್ದು ಒಂದೇ ಪ್ರಶ್ನೆ. ಅತಿ ಹೆಚ್ಚು ಬಿಸಿ ಇರುವ ಗ್ರಹ ಯಾವುದು? ಪ್ರತಿ ಉತ್ತರವನ್ನೂ ಎರಡು ಪುಸ್ತಕದಲ್ಲಿ ನೋಡದೆ ಬರೆಯದ ಮನುಷ್ಯ, ಆ ವಾರ ಜ್ವರದಲ್ಲಿ ಮಲಗಿದ್ದವನು, ಸೂರ್ಯನಿಗೆ ಹತ್ತಿರ ಇರುವುದೇ ತಾನೇ ಎಂದು ಬುಧ ಅಂತ ಬರೆದುಬಿಟ್ಟಿದ್ದ. ಟೈರ್ ಅಂಗಡಿಯವರೂ ಬುಧ ಎಂದರು.

ಟೀಚರ್ ಎದ್ದು ನಿಂತಳು. "ಶುಕ್ರ ಕಣ್ರೀ. ಅದರ ಸುತ್ತ ಗಾಳಿ ಕಂಬಳಿ ಹೊದ್ದ ಹಾಗಿದೆ. ಒಳಗೆ ಹೋದ ಬಿಸಿ ಹೊರಗೆ ಬರಲ್ಲ."

ಭಾವ ಗೋಡೆಯ ಹಲಗೆ ತೋರಿಸಿದ. 'ಪ್ರಶ್ನೆ ಕೇಳುವವನ ಮಾತೇ ಕೊನೆ.' ಜಗಳ ತಡೆಯಲೆಂದು ಪ್ರಶ್ನೆಯಣ್ಣನೇ ಹಿಂದೊಮ್ಮೆ ತನ್ನ ಕೈಯಾರೆ ಬಣ್ಣದಲ್ಲಿ ಬರೆದ ಹಲಗೆ. ಟೀಚರ್ ಅದನ್ನು ಓದಿ, ಪೆನ್ನನ್ನು ಟೇಬಲ್ಲಿನ ಮೇಲಿಟ್ಟು ಹೋದಳು. ಮತ್ತೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಎರಡೂ ಪುಸ್ತಕ ಹಿಡಿದುಕೊಂಡು ನನ್ನ ಬಳಿ ಬಂದ. "ಶುಕ್ರಾನೇ ದೊಡ್ಡಮ್ಮ. ಮುಂದಿನ ವಾರ ಹೇಳಿಬಿಡ್ತೀನಿ." ಮುಂದಿನ ವಾರದ ಹೊತ್ತಿಗೆ ಗೆದ್ದವರ ಬೋರ್ಡಿನಲ್ಲಿ ಟೈರ್ ಅಂಗಡಿಯ ಹೆಸರು ಬಂದಿತ್ತು. ಅದರ ಮುಂದಿನ ವಾರ ಬಣ್ಣ ಒಣಗಿತ್ತು. ಅವನು ಹೇಳಲಿಲ್ಲ. ಅಲ್ಲಿಂದಾಚೆ ಶುಕ್ರನ ಸುದ್ದಿಯ ಪ್ರಶ್ನೆಯನ್ನೇ ಬರೆದಿರಲಿಲ್ಲ, ಪತ್ರ ಬಂದ ದಿನದ ತನಕ.

ಆ ಎರಡನೆಯ ಗುರುವಾರ ಕಳೆದ ಭಾನುವಾರ, ಟೀಚರ್ ಮನೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡ. ದಾರಿಯಲ್ಲಿ, "ಬುಧನಿಗೂ ಶುಕ್ರನಿಗೂ ನಡುವೆ ಸಿಕ್ಕಿಹಾಕ್ಕೊಂಡಿದ್ದೀನಿ ನೋಡಿ, ಥೇಟ್ ಗುರುವಾರದ ಹಾಗೆ" ಎಂದು ನಗಿಸಲು ನೋಡಿದ. ಅವನ ಅಂಗಿಯ ಬೆನ್ನು ಆಗಲೇ ಒದ್ದೆಯಾಗಿತ್ತು.

ಟೀಚರ್ ಜಗಲಿಯಲ್ಲಿ ಕೂತು ಕೆಂಪು ಪೆನ್ನಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅವನು ನಿಂತೇ ಎಲ್ಲ ಹೇಳಿದ. ತಪ್ಪು ತನ್ನದು, ಮಾರನೆಯ ದಿನವೇ ಗೊತ್ತಾಗಿತ್ತು, ಈಗ ಹೀಗೆ ಹೀಗೆ, ನೀವು ಮೈಕ್ ಹಿಡಿದರೆ ನಾನು ಪಾರಾಗುತ್ತೇನೆ.

"ಮಾರನೇ ದಿನವೇ ಗೊತ್ತಿತ್ತಾ?" ಎಂದು ಆಕೆ ಕೇಳಿದಳು. ಪೆನ್ನು ನಿಂತಿತು.

"ಹೌದು ಮೇಡಂ."

"ನನ್ನ ಕ್ಲಾಸಿನ ಮಕ್ಕಳು ಒಂದು ವರ್ಷ ಕೇಳಿದ್ರು ಗೊತ್ತಾ? ಮಿಸ್, ಬಾರಲ್ಲಿ ನೀವು ಗ್ರಹದ ಪ್ರಶ್ನೆಗೇ ತಪ್ಪು ಹೇಳಿದ್ರಂತಲ್ಲಾ ಅಂತ."

ಆಕೆ ಇನ್ನೊಂದು ಪತ್ರಿಕೆ ಮುಗಿಸಿ, ಅಂಕ ಹಾಕಿ, ಆಮೇಲೆ ಹೇಳಿದಳು: "ಮನೆಗೆ ಬಂದು ಹೇಳಿದ್ದು ಸಾಲದು. ಅದೇ ಹಾಲು, ಅದೇ ಮೈಕು, ಟೈರ್ ಅಂಗಡಿಯವರ ಎದುರಿಗೆ ಹೇಳಿ. ನಾನು ಬಂದು ಕೇಳಿಸ್ಕೋತೀನಿ. ಆಮೇಲೆ ಗುರುವಾರ ನನಗಿರಲಿ, ನೀವು ಹೊರಡಿ."

ವಾಪಸು ಬರುವಾಗ ಅವನ ನಡಿಗೆಯೇ ಬೇರೆಯಾಗಿತ್ತು. ರೈಲಿನ ವೇಳೆ ವಿಚಾರಿಸಿಕೊಂಡು ಬಂದ. ಬಾಗಿಲ ಹಿಂದೆ ಚೀಲ ಕಟ್ಟಿಟ್ಟ.

ಮೂರನೆಯ ಗುರುವಾರ ಏಳು ಗಂಟೆಗೆ, ಮೊದಲ ಪ್ರಶ್ನೆಗೂ ಮುಂಚೆ, ಅವನು ಮೈಕಿನಲ್ಲಿ ಹೇಳಿಯೇಬಿಟ್ಟ. "ಆರು ವರ್ಷದ ಹಿಂದೆ ನಾನು ತಪ್ಪು ಉತ್ತರ ಕೊಟ್ಟೆ. ಶುಕ್ರ ಸರಿ. ಟೀಚರ್ ಸರಿ." ಬಾಗಿಲಲ್ಲಿ ಟೀಚರ್ ನಿಂತಿದ್ದಳು. ನನ್ನ ಕೈಯ ಗ್ಲಾಸು ಸೋಪಿನ ನೀರಲ್ಲೇ ಉಳಿಯಿತು. ಮುಗಿಯಿತು ಅಂದುಕೊಂಡೆ.

ಟೈರ್ ಅಂಗಡಿಯವನು ಕುರ್ಚಿ ಹಿಂದೆ ತಳ್ಳಿ ಎದ್ದ. "ಅಂದ್ರೆ ನಮ್ಮ ಹೆಸರು ಅಳಿಸ್ತೀರಾ? ಮುಟ್ಟಿ ನೋಡಿ, ಬೋರ್ಡೇ ಕಿತ್ಕೊಂಡು ಹೋಗ್ತೀವಿ."

"ತಡಿಯಪ್ಪ, ಹಾಗಾದ್ರೆ ಮನುಷ್ಯನ ಮೈಯಲ್ಲಿ ಎಷ್ಟು ಮೂಳೆ ಅಂತ ಕೇಳಿದ್ರಲ್ಲ, ಆ ಪ್ರಶ್ನೆ?" ಎಂದ ಕ್ಯಾಷಿಯರ್. "ನಾವು ಇನ್ನೂರ ಆರು ಅಂದಿದ್ವಿ, ಅವತ್ತು ಕೊಡ್ಲಿಲ್ಲ."

"ನೀವು ಅವತ್ತು ಇನ್ನೂರ ಹದಿನಾರು ಅಂದಿದ್ರಿ!" ಎಂದ ಟೈರ್ ಅಂಗಡಿಯವನು.

"ಯಾರು ಹೇಳಿದ್ದು?"

"ಅವನ ಮಾತೇ ಕೊನೆ ಅಂತ ನಂಬ್ಕೊಂಡು ಕೂತಿದ್ವಲ್ಲ, ಅವನೇ ತಪ್ಪು ಅಂದ್ಮೇಲೆ ಎಲ್ಲಾನೂ ನೋಡಿ!" ಎಂದು ಇನ್ನೊಂದು ಟೇಬಲ್ಲಿನಿಂದ ಯಾರೋ ಕೂಗಿದರು.

ಹನ್ನೊಂದು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದನ್ನೆಲ್ಲ ಒಬ್ಬೊಬ್ಬರಾಗಿ ಹೊರಗೆ ತೆಗೆದರು. ಭಾವ ಮೈಕ್ ಕಸಿದುಕೊಂಡ. "ಸುಮ್ನಿರಿ, ಸುಮ್ನಿರಿ. ಮೇಲಿರೋ ಇಪ್ಪತ್ತೆರಡು ಡಬ್ಬಾನೂ ಇಳಿಸ್ತಾನೆ. ಒಂದೊಂದು ಕಾರ್ಡೂ ಮತ್ತೆ ನೋಡ್ತಾನೆ. ತಪ್ಪಿದ್ದಷ್ಟು ಪ್ರತಿ ಗುರುವಾರ ಇಲ್ಲೇ ನಿಂತು ಹೇಳ್ತಾನೆ. ಸರೀನಾ?" ಹಾಲು ಸರಿ ಎಂದು ಟೇಬಲ್ ಗುದ್ದಿತು. ಸರೀನಾ ಎಂದು ಪ್ರಶ್ನೆಯಣ್ಣನನ್ನು ಯಾರೂ ಕೇಳಲಿಲ್ಲ.

ಅವನು ಟೀಚರ್ ಕಡೆ ನೋಡಿದ. ಆಕೆ ಹತ್ತಿರ ಬಂದು, ನನ್ನ ಕಿಂಡಿಯ ಪಕ್ಕದಲ್ಲೇ ನಿಂತು ಮೆಲ್ಲಗೆ ಅಂದಳು: "ನನ್ನ ಮಾತಿಗೆ ನಾನು ತಪ್ಪಲ್ಲ. ಆದ್ರೆ ನಿಮ್ಮ ಹನ್ನೊಂದು ವರ್ಷದ ಕಾರ್ಡಿಗೆ ನಾನು ನಿಂತು ಬೈಸ್ಕೊಳ್ಳೋಕೆ ಆಗಲ್ಲ. ಇದೆಲ್ಲ ತೀರಿದ ದಿನ ಹೇಳಿ ಕಳಿಸಿ, ಬರ್ತೀನಿ." ಆಕೆಯದು ತಪ್ಪು ಎಂದು ಹೇಗೆ ಹೇಳಲಿ?

ಒಂದನೇ ತಾರೀಖು ಒಂದು ಮಂಗಳವಾರ ಬಂದು ಹೋಯಿತು. ಬೈಂಡಿಂಗ್ ಅಂಗಡಿಯವನು ಹದಿನೈದು ದಿನ ಕಾದು, ಬೇರೆಯವರನ್ನು ಸೇರಿಸಿಕೊಂಡೆ, ಬೇಜಾರು ಮಾಡ್ಕೋಬೇಡ, ಯಾವಾಗಲಾದರೂ ಬಂದು ಹೋಗು ಎಂದು ಬರೆದ. ಅಕ್ಕ ಅವತ್ತು ತಮ್ಮನಿಗೆ ಊಟವನ್ನು ತಾನೇ ಮೇಲಕ್ಕೆ ತೆಗೆದುಕೊಂಡು ಹೋದಳು. ತಟ್ಟೆ ಇಟ್ಟು ಇಳಿದಳು.

ಕ್ವಿಜ್ಜಿಗೆ ಈಗ ಮೊದಲಿಗಿಂತ ಹೆಚ್ಚು ಜನ. ಮೊದಲ ಅರ್ಧ ಗಂಟೆ ಅವನ ಹಳೆಯ ತಪ್ಪು ಕೇಳುವುದಕ್ಕೇ ಬರುತ್ತಾರೆ. ಭಾವ ಹೊಸ ಕುರ್ಚಿ ತರಿಸಿದ್ದಾನೆ. ಐದು ತಿಂಗಳಲ್ಲಿ ಎರಡು ಡಬ್ಬ ಮುಗಿದು ಮೂರನೆಯದು ನಡೆದಿದೆ. ಇಲ್ಲಿಯವರೆಗೆ ಸಿಕ್ಕ ತಪ್ಪು ಒಂಬತ್ತು. ಸಾವಿರಕ್ಕೆ ಒಂಬತ್ತು, ಯಾವ ಅಚ್ಚುಕೂಟದಲ್ಲೂ ಬೆನ್ನು ತಟ್ಟುತ್ತಿದ್ದರು. ಇಲ್ಲಿ ಒಂಬತ್ತಕ್ಕೂ ಸಿಳ್ಳೆ ಹೊಡೆಯುತ್ತಾರೆ. ಬಾಗಿಲ ಹಿಂದಿನ ಚೀಲವನ್ನು ಅವನು ಬಿಚ್ಚಿಲ್ಲ. ಅದರೊಳಗಿನ ಒಗೆದ ಅಂಗಿ ಬೇಕಾದಾಗ ಒಂದೊಂದಾಗಿ ಎಳೆದುಕೊಳ್ಳುತ್ತಾನೆ.

ಈ ಬುಧವಾರವೂ ಇಳಿದು ಬಂದ. ಬೆರಳಿಗೆಲ್ಲ ಶಾಯಿ, ಕಣ್ಣು ಕೆಂಪು.

"ದೊಡ್ಡಮ್ಮಾ, ಮೂರು ಹೃದಯ ಇರೋ ಪ್ರಾಣಿ ಹೇಳಿ."

ಆಕ್ಟೋಪಸ್ ಎಂದು ನನಗೆ ಗೊತ್ತು. ಹರಿದರೆ ಅವನು ಮತ್ತೆ ಹದಿನಾಲ್ಕು ಮೆಟ್ಟಿಲು ಹತ್ತಬೇಕು.

"ಗೊತ್ತಿಲ್ಲಪ್ಪ," ಅಂದೆ. "ಇದು ಕಷ್ಟ ಇದೆ. ಇಟ್ಕೋ."

ಅವನು ಕಾರ್ಡನ್ನು ಇಟ್ಟುಕೊಳ್ಳಲು ಹೋದ. ಆಮೇಲೆ ನನ್ನ ಮುಖ ನೋಡಿದ.

"ಒಂಬತ್ತನೇ ಡಬ್ಬದಲ್ಲಿದೆ ಇದು. ನೀವೇ ಕಿಂಡಿಯಿಂದ ಕೂಗಿ ಉತ್ತರ ಹೇಳಿಬಿಟ್ಟಿದ್ರಿ, ಭಾವ ಬೈದಿದ್ರು."

"ವಯಸ್ಸಾಯ್ತು, ಮರೆತೆ."

"ನೀವು ಮರೆಯೋರಲ್ಲ" ಎಂದು ಕಾರ್ಡನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿ, ಹೊಸದು ಬರೆಯಲು ಮಹಡಿ ಹತ್ತಿದ.